ಒಳಗೆ ಹೋಗಿ ಕೇಳ್ಕೊಂಡು ಬಾರಪ್ಪ

ನಮ್ಮಪ್ಪನನ್ನ ಹೋಟೆಲಿಗೆ ಕರ್ಕೊಂಡು ಹೋಗೋದು ಅಂದ್ರೆ ರಿಟೈರಾದ ಮೇಷ್ಟ್ರನ್ನ ಇನ್ನೊಬ್ಬರ ಕ್ಲಾಸಲ್ಲಿ ಹಿಂದಿನ ಬೆಂಚಿನ ಮೇಲೆ ಕೂರಿಸಿದ ಹಾಗೆ. ಬಾಯಿ ಮುಚ್ಕೊಂಡಿರ್ತಾರೆ, ಕಣ್ಣು ಮಾತ್ರ ಸುಮ್ನಿರಲ್ಲ. ಯಾವ ಟೇಬಲ್ ಒರೆಸಿಲ್ಲ, ಯಾರ ಲೋಟದಲ್ಲಿ ನೀರಿಲ್ಲ, ಯಾವ ಹುಡುಗ ಬರಿಗೈಲಿ ಒಳಗೆ ಹೋದ, ಎಲ್ಲದರ ಲೆಕ್ಕ ಇಡ್ತಾರೆ. ಬರಿಗೈಲಿ ಒಳಗೆ ಹೋಗೋದೂ, ಬರಿಗೈಲಿ ಹೊರಗೆ ಬರೋದೂ ಅವರ ಪ್ರಕಾರ ಅಪರಾಧ. ಹೋಗ್ತಾ ಎಂಜಲು ತಟ್ಟೆ ಎತ್ಕೊಂಡು ಹೋಗು, ಬರ್ತಾ ಯಾರದ್ದಾದ್ರೂ ಕಾಫಿ ತಗೊಂಡು ಬಾ. ತಿಪಟೂರಿನ ಒಂದು ಹೋಟೆಲಲ್ಲಿ ಮೀಸೆ ಮೂಡೋಕೆ ಮುಂಚೆ ಸಪ್ಲೈಯರ್ ಆಗಿ ಸೇರಿ, ಕೂದಲು ಹಣ್ಣಾದ ಮೇಲೆ ಗಲ್ಲಾದ ಹಿಂದೆ ಕೂತು ಕೆಲಸ ಮುಗಿಸಿದವರು ಅವರು. ನನ್ನ ಇಂಜಿನಿಯರಿಂಗ್ ಫೀಸು ಆ ಗಲ್ಲಾದಿಂದಲೇ ಬಂದಿದ್ದು.

ಈ ಬೇಸಿಗೆ ಅಪ್ಪ ಅಮ್ಮ ಇಬ್ಬರೂ ನಮ್ಮ ಮನೇಲಿದಾರೆ, ಡಲ್ಲಾಸ್ ಪಕ್ಕದ ಅರ್ವಿಂಗ್‌ನಲ್ಲಿ. ಇಲ್ಲಿ ಬಿಸಿಲಿಗೆ ಹೆದರಿ ಮನೆಯೊಳಗೇ ಕೂತು ಕೂತು ಅಪ್ಪನಿಗೆ ಸಾಕಾಗಿ ಹೋಗಿತ್ತು. ದೇವಸ್ಥಾನ ಆಯ್ತು, ಕಾಸ್ಟ್ಕೋ ಆಯ್ತು, ಮತ್ತೆ ದೇವಸ್ಥಾನ ಆಯ್ತು. ಒಂದು ಶನಿವಾರ ಸಂಜೆ ಮಗಳು ಮೆಕ್ಸಿಕನ್ ಊಟಕ್ಕೆ ಹೋಗೋಣ ಅಂದ್ಲು. ಅವಳಿಗೆ ಶಾಲೆಯಲ್ಲಿ ಸ್ಪ್ಯಾನಿಷ್ ಇದೆ, ಅದನ್ನ ತಾತನ ಮುಂದೆ ತೋರಿಸ್ಬೇಕು ಅನ್ನೋ ಆಸೆ. ಟೆಕ್ಸಾಸಿಗೆ ಬಂದು ಮೆಕ್ಸಿಕನ್ ತಿನ್ನದೆ ಹೋದ್ರು ಅಂತ ಆಗ್ಬಾರ್ದು ಅಂತ ನಾನೂ ಒಪ್ಪಿದೆ. ಹೆದ್ದಾರಿ ಪಕ್ಕದಲ್ಲಿ ದೊಡ್ಡ ಪಾರ್ಕಿಂಗು, ಬಣ್ಣಬಣ್ಣದ ಕಾಗದದ ತೋರಣ, ಒಳಗೆ ಜೋರು ಸಂಗೀತ, ಅಂಥ ಜಾಗ. ಹೆಸರು ಹೇಳಲ್ಲ. ಹೇಳಿದ್ರೂ ಪ್ರಯೋಜನ ಇಲ್ಲ, ಅಂಥವು ಈ ಊರಲ್ಲಿ ಹತ್ತಾರು ಇವೆ, ಒಳಗೆ ಹೋದ್ರೆ ಯಾವುದು ಯಾವುದು ಅಂತ ಗೊತ್ತಾಗಲ್ಲ.

ಬಾಗಿಲಲ್ಲಿ ಒಬ್ಬಳು ಹುಡುಗಿ ನಮ್ಮ ಫೋನ್ ನಂಬರ್ ಬರ್ಕೊಂಡು 20 ನಿಮಿಷ ಅಂದ್ಲು. ಮೆಸೇಜ್ ಬಂದಿದ್ದು 50 ನಿಮಿಷ ಆದ ಮೇಲೆ. ಇದನ್ನ ನಾನು ದೂರಿನ ಪಟ್ಟಿಗೆ ಸೇರಿಸಲ್ಲ, ಶನಿವಾರ ಸಂಜೆ ಯಾವ ಹೋಟೆಲಾದ್ರೂ ಇಷ್ಟೇ. ಅಪ್ಪನಿಗೆ ಮಾತ್ರ ಒಳಗೆ ಖಾಲಿ ಟೇಬಲ್‌ಗಳು ಕಾಣ್ತಾ ಇದ್ವು. "ಟೇಬಲ್ ಇದೆ, ಸಪ್ಲೈಯರ್ ಇಲ್ಲ. ಅದಕ್ಕೇ ಕಾಯಿಸ್ತಿದಾರೆ ಕಣಮ್ಮ" ಅಂದ್ರು. ಇಲ್ಲಿ ಒಬ್ಬೊಬ್ಬ ವೇಟರಿಗೂ ಇಷ್ಟಿಷ್ಟು ಟೇಬಲ್ ಅಂತ ಹಂಚಿರ್ತಾರೆ. ಯಾರಾದ್ರೂ ರಜೆ ಹಾಕಿದ್ರೆ ಆ ಭಾಗದಲ್ಲಿ ಟೇಬಲ್ ಖಾಲಿ ಹೊಡೀತಾ ಇದ್ರೂ ಜನ ಹೊರಗೆ ನಿಂತಿರ್ತಾರೆ. ಇಷ್ಟು ವರ್ಷದಿಂದ ಇಲ್ಲಿರೋ ನನಗೆ ಹೊಳೆಯದ್ದು ಅವರಿಗೆ ಬಾಗಿಲಲ್ಲೇ ಹೊಳೀತು.

ಕೂತ ತಕ್ಷಣ ಚಿಪ್ಸು, ಸಾಲ್ಸಾ ಅನ್ನೋ ಟೊಮ್ಯಾಟೊ ಚಟ್ನಿ ಬಂತು. ಟೆಕ್ಸಾಸಿನ ಮೆಕ್ಸಿಕನ್ ಹೋಟೆಲ್‌ಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ, ಖಾಲಿಯಾದ್ರೆ ಮತ್ತೆ ತಂದಿಡ್ತಾರೆ. ಅಮ್ಮ ಒಂದು ಚಿಪ್ಸ್ ಮುರಿದು, ಮೂಸಿ, ಬಾಯಿಗಿಟ್ಟು, ಇನ್ನೊಂದು ತಗೊಂಡ್ರು. ಮುಸುಕಿನ ಜೋಳವನ್ನ ಸುಣ್ಣದ ನೀರಲ್ಲಿ ಬೇಯಿಸಿ, ನೆನೆಸಿ, ಸಿಪ್ಪೆ ಬಿಡಿಸಿ ರುಬ್ಬಿದ ಹಿಟ್ಟಿನದ್ದು ಅಂತ ಹೇಳಿದೆ. ಸುಣ್ಣ ಅಂದ ತಕ್ಷಣ ಅಪ್ಪ ಕಿವಿ ನೆಟ್ಟಗೆ ಮಾಡಿದ್ರು. ಇಲ್ಲಿಗೆ ಬಂದಾಗಿಂದ ಅವರಿಗೆ ಸರಿಯಾದ ಎಲೆ ಅಡಿಕೆ ಸಿಕ್ಕಿಲ್ಲ. "ನೋಡು, ಸುಣ್ಣ ಹೊಟ್ಟೆಗೆ ಒಳ್ಳೇದು ಅಂತ ಇವರಿಗೂ ಗೊತ್ತು" ಅಂತ ಅಮ್ಮನ ಕಡೆ ತಿರುಗಿದ್ರು. ಅದು ಹಳೇ ಜಗಳ, ಬಿಡಿ. ಮೆಕ್ಸಿಕೋದ ಹಳಬರು ಸಾವಿರಾರು ವರ್ಷದಿಂದ ಜೋಳವನ್ನ ಹೀಗೆ ಸುಣ್ಣದಲ್ಲಿ ಹದ ಮಾಡ್ತಾ ಬಂದಿದಾರೆ. ಹಾಗೆ ಮಾಡಿದ್ರೇನೇ ಜೋಳದೊಳಗಿನ ನಯಾಸಿನ್ ಅನ್ನೋ ವಿಟಮಿನ್ ಮೈಗೆ ಹತ್ತೋದು. ಈ ಪದ್ಧತಿ ಕಲೀದೆ ಬರೀ ಜೋಳ ತಗೊಂಡು ಹೋದ ಯೂರೋಪಿನ ಬಡವರಿಗೆ ಪೆಲಾಗ್ರಾ ಅನ್ನೋ ರೋಗ ಬಂತು. ಇದನ್ನ ಹೇಳಿದ್ದು ಅಪ್ಪನಿಗೆ ಇನ್ನಷ್ಟು ಬಲ ಕೊಡ್ತು.

ವೇಟರ್ ಹುಡುಗ ಬಂದ. ಇಪ್ಪತ್ತರ ಆಸುಪಾಸು, ನಗುಮುಖ, ಕಿವೀಲೊಂದು ರಿಂಗು. ಹೆಸರು ಹೇಳ್ಕೊಂಡ, ಈವತ್ತು ನಿಮ್ಮನ್ನ ನಾನೇ ನೋಡ್ಕೋತೀನಿ ಅಂದ. ಮಗ ನಾಚೋಸ್ ಅಂದ, ಮಗಳು ಸ್ಪ್ಯಾನಿಷಿನಲ್ಲಿ ಬುರಿಟೊ ಹೇಳಿದ್ಲು. ಹುಡುಗ ಇಂಗ್ಲಿಷಲ್ಲೇ "ವಾವ್" ಅಂದ, ಅವನಿಗೆ ಸ್ಪ್ಯಾನಿಷ್ ಬರ್ತಾ ಇರ್ಲಿಲ್ಲ. ನಮ್ಮೆಜಮಾನ್ರಿಗೆ ತರಕಾರಿ ಫಹೀತಾ, ಅಂದ್ರೆ ಬಿಸಿ ಬಾಣಲೀಲೇ ತಂದಿಡೋ ಹುರಿದ ತರಕಾರಿ, ಅಪ್ಪನಿಗೂ ಅದೇ. ನಾನೊಂದು ಟಾಕೋ. ಅಮ್ಮನಿಗೆ ಖಾರ ಕಮ್ಮಿ ಇರೋದು ಬೇಕಿತ್ತು, ಅದಕ್ಕೆ ಚೀಸ್ ಎಂಚಿಲಾಡ, ಅಂದ್ರೆ ಒಳಗೆ ಚೀಸ್ ಸುತ್ತಿ ಮೇಲೆ ಸಾಸ್ ಸುರಿದ ರೊಟ್ಟಿ. ಪಕ್ಕದಲ್ಲಿ ಅನ್ನ, ಬೀನ್ಸು ಕೊಡ್ತಾರೆ.

ಇಲ್ಲಿ ನಾನು ಕೇಳಿದ ಮಾತನ್ನ ಪೂರ್ತಿ ಬರೀತೀನಿ, ಯಾಕಂದ್ರೆ ಆಮೇಲೆ ಎಲ್ಲಾ ಇದರ ಮೇಲೇ ನಿಂತಿತು. ನಮ್ಮಮ್ಮ ಶುದ್ಧ ಸಸ್ಯಾಹಾರಿ, ಮಾಂಸ ಇಲ್ಲ, ಕೋಳಿ ಇಲ್ಲ, ಮೀನಿಲ್ಲ, ಮೊಟ್ಟೆ ಇಲ್ಲ. ಎಂಚಿಲಾಡ ಮೇಲೆ ಹಾಕೋ ಸಾಸಲ್ಲಿ ಮಾಂಸ ಇದೆಯಾ? ಬೀನ್ಸಿಗೆ ಲಾರ್ಡ್, ಅಂದ್ರೆ ಹಂದಿ ಕೊಬ್ಬು, ಹಾಕ್ತೀರಾ? ಅನ್ನಕ್ಕೆ ಚಿಕನ್ ಸ್ಟಾಕ್ ಹಾಕಿದಾರಾ? ಇಷ್ಟನ್ನೂ ಒಂದೊಂದಾಗಿ ಕೇಳಿದೆ. ಹೊಸಬರು ಬರೀ ವೆಜಿಟೇರಿಯನ್ನಾ ಅಂತ ಕೇಳಿ ಸುಮ್ನಾಗ್ತಾರೆ. ಅಡುಗೆಯವರು ತುಂಡು ಕಾಣದಿದ್ರೆ ವೆಜಿಟೇರಿಯನ್ ಅಂತ್ಲೇ ಹೇಳೋದು, ಕೊಬ್ಬು, ಸಾರು ಅವರ ಲೆಕ್ಕಕ್ಕೆ ಬರಲ್ಲ. ಅದಕ್ಕೇ ಬಿಡಿಸಿ ಬಿಡಿಸಿ ಕೇಳೋದು. ಹುಡುಗ ಪೆನ್ನು ಕೂಡ ನಿಲ್ಲಿಸ್ಲಿಲ್ಲ. "ನೋ, ನೋ, ಯೂ ಆರ್ ಗುಡ್" ಅಂದ. ನಾನು ಮತ್ತೆ, ಶೂರಾ, ಒಳಗೆ ಒಂದ್ಸಲ ಕೇಳ್ತೀರಾ ಅಂದೆ. "ಟೋಟಲಿ" ಅಂದು, ಒಳಗೆ ಹೋಗ್ಲಿಲ್ಲ, ಪಕ್ಕದ ಟೇಬಲಿಗೆ ಹೋದ.

ಊಟ ಬರೋವರೆಗೆ ಅಪ್ಪನಿಗೆ ನಾಚೋಸ್ ಕತೆ ಹೇಳಿದೆ. ಟೆಕ್ಸಾಸಿನ ಗಡೀಲಿ ರಿಯೊ ಗ್ರಾಂಡೆ ನದಿ. ಈಚೆ ದಡದಲ್ಲಿ ಈಗಲ್ ಪಾಸ್, ಆಚೆ ಮೆಕ್ಸಿಕೋದ ಪಿಯೆದ್ರಾಸ್ ನೆಗ್ರಾಸ್. 1940ರ ದಶಕದ ಆರಂಭದಲ್ಲಿ ಈಚೆ ಕಡೆಯ ಅಮೆರಿಕನ್ ಸೈನಿಕರ ಹೆಂಡತಿಯರು ಆಚೆ ಊರಿನ ಒಂದು ಹೋಟೆಲಿಗೆ ಹೋದ್ರಂತೆ. ಅಡುಗೆಯವನು ಎಲ್ಲೂ ಸಿಗ್ಲಿಲ್ಲ. ಗಿರಾಕಿಗಳನ್ನ ನೋಡ್ಕೋತಿದ್ದ ಇಗ್ನಾಸಿಯೊ ಅನಾಯಾ ಅನ್ನೋರು ತಾವೇ ಅಡುಗೆಮನೆಗೆ ನುಗ್ಗಿ, ಕರಿದ ಟೋರ್ಟಿಯಾ (ಅವರ ತೆಳು ರೊಟ್ಟಿ) ತುಂಡುಗಳ ಮೇಲೆ ಚೀಸ್ ಹಾಕಿ, ಕರಗಿಸಿ, ಹಲಪೇನ್ಯೊ ಮೆಣಸಿನಕಾಯಿ ಚೂರು ಇಟ್ಟು ತಂದ್ರು. ಇಗ್ನಾಸಿಯೊ ಅಂತ ಹೆಸರಿರೋರನ್ನ ಮೆಕ್ಸಿಕೋದಲ್ಲಿ ಮುದ್ದಾಗಿ ನಾಚೋ ಅಂತಾರೆ, ತಿಂಡಿಗೂ ಅದೇ ಹೆಸರು ಉಳೀತು. ಅಪ್ಪನಿಗೆ ಕತೆ ಬಹಳ ಹಿಡಿಸ್ತು. ಭಟ್ಟರು ಬರದೇ ಇದ್ದ ದಿನ ತಾವೇ ಕಾವಲಿ ಮುಂದೆ ನಿಂತು ದೋಸೆ ಹುಯ್ದಿದ್ದನ್ನ ಹೇಳೋಕೆ ಶುರು ಮಾಡಿದ್ರು. ಮೊಮ್ಮಗ ಅಷ್ಟೊತ್ತಿಗೆ ಮೇಜಿನ ಮೇಲಿದ್ದ ಸಣ್ಣ ಟ್ಯಾಬ್ಲೆಟ್ಟಲ್ಲಿ ಏನೋ ಗೇಮ್ ಒತ್ತಿದ್ದ. ಅದಕ್ಕೆ 1 ಡಾಲರ್ 99 ಸೆಂಟ್ ಅಂತ ಗೊತ್ತಾಗಿದ್ದು ಬಿಲ್ ಬಂದಾಗ.

ಊಟ ತಂದಿದ್ದು ನಮ್ಮ ಹುಡುಗ ಅಲ್ಲ, ಬೇರೆ ಯಾರೋ. ದೊಡ್ಡ ತಟ್ಟೆ ಹೆಗಲ ಮೇಲಿಟ್ಕೊಂಡು ಬಂದವನು "ಹೂ ಹ್ಯಾಡ್ ದ ಎಂಚಿಲಾಡಾಸ್" ಅಂತ ಕೂಗ್ದ. ಅಪ್ಪ ಮುಖ ಹಿಂಡಿದ್ರು. ಯಾರಿಗೆ ಏನು ಅಂತ ಗೊತ್ತಿಲ್ಲದೆ ಹರಾಜು ಕೂಗೋದು ಅವರಿಗೆ ಸಹಿಸೋಕೆ ಆಗದ ವಿಷಯ. ಅವರ ಕಾಲದಲ್ಲಿ ಚೀಟಿ ಇರ್ತಿರ್ಲಿಲ್ಲ. ಎರಡು ಖಾಲಿ, ಒಂದು ಮಸಾಲೆ, ಮೂರು ಕಾಫಿ, ಒಂದು ಬೈಟು ಅಂತ ಒಂದೇ ಉಸಿರಿಗೆ ಒಳಗೆ ಹೇಳಿ, ಐದಾರು ಟೇಬಲ್‌ನದ್ದು ತಲೇಲಿಟ್ಕೊಂಡು, ಯಾರ ಮುಂದೆ ಯಾವುದು ಅಂತ ತಪ್ಪದೆ ಇಡ್ಬೇಕಿತ್ತು.

ಅಮ್ಮನ ತಟ್ಟೆ ನೋಡೋಕೆ ಚೆನ್ನಾಗಿತ್ತು. ಎರಡು ಎಂಚಿಲಾಡ, ಮೇಲೆ ಗಟ್ಟಿ ಕಂದು ಬಣ್ಣದ ಗ್ರೇವಿ, ಅದರ ಮೇಲೆ ಕರಗಿದ ಹಳದಿ ಚೀಸು, ಮೇಲಿಂದ ಹೆಚ್ಚಿದ ಹಸಿ ಈರುಳ್ಳಿ. ಒಂದು ಕಡೆ ಕೆಂಪನ್ನ, ಇನ್ನೊಂದು ಕಡೆ ಅರೆದ ಬೀನ್ಸು. "ಜೀರಿಗೆ ಘಮ ಚೆನ್ನಾಗಿದೆ ಕಣೇ" ಅಂದು ಅಮ್ಮ ಬೀನ್ಸಿಂದ ಶುರು ಮಾಡಿದ್ರು. ಎರಡು ಚಮಚ ಒಳಗೆ ಹೋಗಿತ್ತು. ಆಮೇಲೆ ಎಂಚಿಲಾಡ ಕತ್ತರಿಸೋಕೆ ಹೋದವರು ಹಾಗೇ ನಿಂತ್ರು. ಚಮಚದ ತುದೀಲಿ ಗ್ರೇವಿಯನ್ನ ಸ್ವಲ್ಪ ಸ್ವಲ್ಪ ಸರಿಸಿ, ಏನನ್ನೋ ಬೇರೆ ಮಾಡಿ, ತಟ್ಟೆ ಅಂಚಿಗೆ ತಂದು ಒತ್ತಿ ನೋಡಿದ್ರು. ರಾಗಿ ಕಾಳಿಗಿಂತ ಸ್ವಲ್ಪ ದಪ್ಪ, ಬೂದು ಬಣ್ಣ, ಒತ್ತಿದ್ರೆ ಚಪ್ಪಟೆ ಆಗಲ್ಲ, ನಾರುನಾರಾಗಿ ಬಿಡಿಸ್ಕೊಳ್ತಿತ್ತು. ಒಂದಲ್ಲ, ಹುಡುಕಿದ್ರೆ ನಾಲ್ಕೈದಿತ್ತು. "ಇದೇನೇ ಇದು, ಸೋಯಾನಾ?" ಅಂದ್ರು. ನಾನು ಉತ್ತರ ಕೊಡ್ಲಿಲ್ಲ. ಅವರ ಮುಂದಿಂದ ತಟ್ಟೆ ಎಳ್ಕೊಂಡೆ.

ಟೆಕ್ಸ್-ಮೆಕ್ಸ್, ಅಂದ್ರೆ ಟೆಕ್ಸಾಸಿನ ಶೈಲಿಯ ಮೆಕ್ಸಿಕನ್ ಅಡುಗೆ, ಗೊತ್ತಿರೋರಿಗೆ ಇದರಲ್ಲಿ ಆಶ್ಚರ್ಯ ಇಲ್ಲ. ಮೆಕ್ಸಿಕೋ ಒಳನಾಡಿನಲ್ಲಿ ಎಂಚಿಲಾಡ ಅಂದ್ರೆ ಟೋರ್ಟಿಯಾವನ್ನ ಮೆಣಸಿನಕಾಯಿ ಸಾಸಲ್ಲಿ ಅದ್ದಿದ್ದು. ಟೆಕ್ಸಾಸಿನಲ್ಲಿ ಅದರ ಮೇಲೆ ಸುರಿಯೋದು ಚಿಲಿ ಗ್ರೇವಿ, ಕೊಬ್ಬಲ್ಲಿ ಮೈದಾ ಹುರಿದು, ಒಣಮೆಣಸಿನ ಪುಡಿ, ಜೀರಿಗೆ, ಬೆಳ್ಳುಳ್ಳಿ ಹಾಕಿ, ಮಾಂಸದ ಸಾರಲ್ಲಿ ಕುದಿಸಿದ್ದು. ಕೆಲವು ಕಡೆ ಕೀಮಾನೂ ಬೀಳುತ್ತೆ. ಹೆಸರು ಮಾತ್ರ ಚೀಸ್ ಎಂಚಿಲಾಡ, ಚೀಸು ಒಳಗಡೆ. ಬೀನ್ಸಿಗೆ ಹಂದಿ ಕೊಬ್ಬು ಹಾಕೋದೂ ಅಷ್ಟೇ ಹಳೇ ರೂಢಿ. ಸ್ಪೇನಿನವರು ಬರೋಕೆ ಮುಂಚೆ ಮೆಕ್ಸಿಕೋದಲ್ಲಿ ಹಂದಿ ಸಾಕ್ತಾ ಇರ್ಲಿಲ್ಲ, ಹಸುವೂ ಇರ್ಲಿಲ್ಲ. ಬೀನ್ಸು, ಜೋಳ, ಕುಂಬಳಕಾಯಿ, ಮೆಣಸಿನಕಾಯಿ, ಟೊಮ್ಯಾಟೊ ಹೆಚ್ಚಾಗಿ ಇವುಗಳಲ್ಲೇ ದಿನದ ಊಟ ನಡೀತಿತ್ತು, ಅದರ ಮುಕ್ಕಾಲು ಪಾಲು ಇವತ್ತು ನಮ್ಮಮ್ಮನ ಅಡುಗೆಮನೇಲೂ ಇದೆ. ಹೋಟೆಲಿನವರು ಗ್ರೇವಿಗೆ ಮಾಂಸ ಹಾಕಿದ್ದು ನನ್ನ ದೂರಲ್ಲ. ಅದು ಅವರ ಅಡುಗೆ, ಅವರು ಹೇಗೆ ಬೇಕಾದ್ರೂ ಮಾಡ್ಕೊಳ್ಲಿ.

ನಮ್ಮ ಹುಡುಗ ಕಣ್ಣಿಗೆ ಬೀಳ್ಲಿಲ್ಲ. ಪಕ್ಕದ ಟೇಬಲ್ ಒರೆಸ್ತಾ ಇದ್ದ ಇನ್ನೊಬ್ಬ, ಎಂಜಲು ತಟ್ಟೆ ಎತ್ತೋನು, ನಮ್ಮ ಕಡೆ ನೋಡಿದ. ಮಗಳು ಮೆಲ್ಲಗೆ ಸ್ಪ್ಯಾನಿಷಿನಲ್ಲಿ ಬೀನ್ಸಲ್ಲಿ ಮಂತೇಕಾ ಇದೆಯಾ ಅಂತ ಕೇಳಿದ್ಲು. ಲಾರ್ಡಿಗೆ ಅವರು ಹಾಗಂತಾರೆ. "ಸೀ, ಕ್ಲಾರೊ" ಅಂದ. ಇದೇನು ಕೇಳೋ ವಿಷಯವಾ ಅನ್ನೋ ಹಾಗೆ. ಅನ್ನಕ್ಕೆ? ಕೋಳಿ ಸಾರು. ಗ್ರೇವಿಗೆ? ಬೀಫು. ಅಜ್ಜಿ ಮುಖ ನೋಡಿ ಅವನಿಗೇ ಏನೋ ಅನ್ನಿಸಿರ್ಬೇಕು, ಕೈಲಿದ್ದ ಬಟ್ಟೆ ಮಡಚಿ "ಲೋ ಸಿಯೆಂತೊ, ಸೆನ್ಯೋರಾ" ಅಂದ. ಆ ಸಂಜೆ ಅಮ್ಮನ ಹತ್ತಿರ ಕ್ಷಮೆ ಕೇಳಿದ್ದು ಅವನೊಬ್ಬನೇ. ಅವನಿಗೂ ನಮ್ಮ ಆರ್ಡರಿಗೂ ಸಂಬಂಧವೇ ಇರ್ಲಿಲ್ಲ.

ವೇಟರ್ ಬಂದಾಗ ಹೇಳಿದೆ. "ಓ, ಯಾ, ಗ್ರೇವಿಲಿ ಸ್ವಲ್ಪ ಮೀಟ್ ಇದೆ" ಅಂದ, ಈಗ ನೆನಪಾದ ಹಾಗೆ. ಬೇಕಾದ್ರೆ ಮೇಲಿಂದ ತೆಗೆದು ಕೊಡ್ಲಾ ಅಂತ ಕೇಳ್ದ. ನಾನು ಮ್ಯಾನೇಜರನ್ನ ಕರೀರಿ ಅಂದೆ. ಮ್ಯಾನೇಜರ್ ಬರೋಕೆ ಕಾಲು ಗಂಟೆ ಹಿಡೀತು. ಫಹೀತಾ ಬಾಣಲಿ ಚರ್ ಅನ್ನೋದು ನಿಂತು, ಈರುಳ್ಳಿ ತಣ್ಣಗಾಗಿ, ಅಪ್ಪ ಒಂದು ತುತ್ತೂ ಮುಟ್ಟದೆ ಕೂತಿದ್ರು. ಆಕೆ ಬಂದು ಮೆನು ತಿರುಗಿಸಿ ಕೊನೇ ಪುಟದ ಕೆಳಗೆ ತೋರಿಸಿದ್ರು: ಆಹಾರ ನಿರ್ಬಂಧ ಇದ್ದವರು ಆರ್ಡರ್ ಮಾಡೋ ಮುಂಚೆ ಸರ್ವರ್‌ಗೆ ತಿಳಿಸಿ. ತಿಳಿಸಿದ್ವಲ್ಲ ಅಂದೆ. ಹುಡುಗನ ಕಡೆ ತಿರುಗಿದ್ರು. ಅವನು, ವೆಜಿಟೇರಿಯನ್ ಅಂದ್ರು, ಅದಕ್ಕೇ ಚೀಸ್ ಎಂಚಿಲಾಡ ಹೇಳ್ದೆ ಅಂದ. ಚೀಸ್ ಎಂಚಿಲಾಡ ಹೇಳಿದ್ದು ನಾನು, ಅವನಲ್ಲ. ಅದನ್ನ ಬಿಡಿಸಿ ಹೇಳೋ ತಾಳ್ಮೆ ನನಗೆ ಉಳಿದಿರ್ಲಿಲ್ಲ. ಆಕೆ ಬೇರೆ ತಟ್ಟೆ ಮಾಡಿಸ್ತೀನಿ ಅಂದ್ರು. ಬಂತು. ಈ ಸಲ ಗ್ರೇವಿ ಇಲ್ಲ, ಬೀನ್ಸಿಲ್ಲ. ಕೆಂಪನ್ನ ಹಾಗೇ ಇತ್ತು.

ಕೋಳಿ ಸಾರಿನ ಅನ್ನ. ನಾನು ನಗ್ಬೇಕೋ ಅಳ್ಬೇಕೋ ಗೊತ್ತಾಗ್ಲಿಲ್ಲ.

ಅಮ್ಮ ಇಡೀ ಹೊತ್ತು ಒಂದು ಮಾತಾಡ್ಲಿಲ್ಲ ಅಂತ ಬರೆದ್ರೆ ಸುಳ್ಳಾಗುತ್ತೆ. ಚೆನ್ನಾಗೇ ಮಾತಾಡಿದ್ರು, ಕನ್ನಡದಲ್ಲಿ, ನೇರ ಮ್ಯಾನೇಜರ್ ಮುಖ ನೋಡ್ಕೊಂಡು: "ಇಷ್ಟು ಕೇಳಿದ್ಲಲ್ಲಮ್ಮ ನನ್ನ ಮಗಳು, ಒಂದ್ಸಲ ಒಳಗೆ ಹೋಗಿ ಕೇಳ್ಕೊಂಡು ಬರೋಕೆ ಏನಾಗಿತ್ತು ಆ ಹುಡುಗನಿಗೆ?" ಆಕೆ ಭಾಷೆ ಅರ್ಥ ಆಗ್ದೆ ನಕ್ಕು ತಲೆಯಾಡಿಸಿದ್ರು. ಮನೆಗೆ ಬಂದು ಅಮ್ಮ ತಲೆಗೆ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಮೊಸರನ್ನ ತಿಂದು ಮಲಗಿದ್ರು. ಇದನ್ನ ಬರೀಲಾ ಅಂತ ಕೇಳಿದಾಗ ಒಂದೇ ಷರತ್ತು ಹಾಕಿದ್ರು: ಚಿಕ್ಕಮ್ಮನಿಗೆ ಲಿಂಕ್ ಕಳಿಸ್ಬಾರ್ದು.

ಈಗ ಬಿಲ್. ಊಟದ್ದು 112.40 ಡಾಲರ್. ತೆರಿಗೆ 8.25 ಪರ್ಸೆಂಟ್, 9.27. ಅದರ ಕೆಳಗೆ ಸಣ್ಣಕ್ಷರದಲ್ಲಿ, ಆರು ಜನ ಅಥವಾ ಹೆಚ್ಚಿದ್ರೆ 18 ಪರ್ಸೆಂಟ್ ಗ್ರಾಚ್ಯುಯಿಟಿ (ಇಲ್ಲಿ ಅಂದ್ರೆ ಟಿಪ್ಸು) ಸೇರಿಸಲಾಗುತ್ತೆ, 20.23. ನಾವು ಸರಿಯಾಗಿ ಆರು ಜನ, ಆರನೆಯವನಿಗೆ ಒಂಬತ್ತು ವರ್ಷ. ಒಟ್ಟು 141.90. ಅಮ್ಮನ ತಟ್ಟೆಗೂ 14.50 ಹಾಕಿದ್ರು. ಕೇಳಿದ ಮೇಲೆ ಅದನ್ನ ತೆಗೆದು ಹೊಸ ಬಿಲ್ ತಂದ್ರು: ಊಟ 97.90, ತೆರಿಗೆ 8.08, ಗ್ರಾಚ್ಯುಯಿಟಿ ಮಾತ್ರ ಹಳೇ 20.23 ಹಾಗೇ ಕೂತಿತ್ತು. ಅಂದ್ರೆ ಅಮ್ಮ ತಿನ್ನದ ಊಟಕ್ಕೆ ದುಡ್ಡಿಲ್ಲ, ಆದ್ರೆ ಅದನ್ನ ಬಡಿಸಿದ ಉಪಕಾರಕ್ಕೆ 2 ಡಾಲರ್ 61 ಸೆಂಟ್. ನಮ್ಮೆಜಮಾನ್ರು ಫೋನಲ್ಲಿ ಲೆಕ್ಕ ಹಾಕಿ ತೋರಿಸಿದ್ರು, ಬಾಯಿ ಬಿಡ್ಲಿಲ್ಲ. ಅವರ ಸ್ವಭಾವ ಹಾಗೆ. ಕಾರ್ಡ್ ಉಜ್ಜಿದ ಮೇಲೆ ಸಹಿ ಮಾಡೋ ಚೀಟಿಯಲ್ಲಿ ಇನ್ನೊಂದು ಖಾಲಿ ಗೆರೆ: ಹೆಚ್ಚುವರಿ ಟಿಪ್. ಅವಸರದಲ್ಲಿದ್ದವರು ಮೇಲಿನ ಸಣ್ಣಕ್ಷರ ನೋಡದೆ ಅಲ್ಲೂ 20 ಪರ್ಸೆಂಟ್ ಬರೆದ್ಬಿಡ್ತಾರೆ. ಹೊಸದಾಗಿ ಬಂದಿರೋ ಹುಡುಗ ಹುಡುಗಿಯರೇ, ದಯವಿಟ್ಟು ಸಣ್ಣಕ್ಷರ ಓದಿ ಆಮೇಲೆ ಪೆನ್ನು ಹಿಡೀರಿ.

ಕಾರಲ್ಲಿ ಅಪ್ಪನಿಗೆ ಈ ಟಿಪ್ಸ್ ವ್ಯವಹಾರ ವಿವರಿಸ್ಬೇಕಾಯ್ತು. ಟೆಕ್ಸಾಸಲ್ಲಿ ಮಾಲೀಕ ವೇಟರಿಗೆ ಗಂಟೆಗೆ 2 ಡಾಲರ್ 13 ಸೆಂಟ್ ಕೊಟ್ರೆ ಕಾನೂನಿಗೆ ಸಾಕು. ಟಿಪ್ಸ್ ಸೇರಿ ಅದು ಕನಿಷ್ಠ ಕೂಲಿ 7 ಡಾಲರ್ 25 ಸೆಂಟಿಗೆ ಮುಟ್ಟಬೇಕು, ಮುಟ್ಟದಿದ್ರೆ ಉಳಿದದ್ದನ್ನ ಮಾಲೀಕ ತುಂಬ್ಕೊಡ್ಬೇಕು. ಆ 2.13 ಬದಲಾಗದೆ ನಿಂತಿರೋದು 1991ರಿಂದ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಹೀಗಿಲ್ಲ, ಅಲ್ಲಿ ವೇಟರಿಗೂ ಪೂರ್ತಿ ಕನಿಷ್ಠ ಕೂಲಿ ಕೊಡ್ಬೇಕು, ಟಿಪ್ಸ್ ಅದರ ಮೇಲಿಂದ. ಅಪ್ಪ ಸ್ವಲ್ಪ ಹೊತ್ತು ಕಿಟಕಿ ಆಚೆ ನೋಡ್ತಾ ಇದ್ದು, "ಹಂಗಾದ್ರೆ ಅವನ ಸಂಬಳ ಕೊಡೋದು ನಾವೇ" ಅಂದ್ರು. ಹೂಂ ಅಂದೆ. "ನಾವೇ ಸಂಬಳ ಕೊಡೋದಾದ್ರೆ ಟಿಪ್ಸು ಯಾರು ಕೊಡೋದು?" ಇದಕ್ಕೆ ನನ್ನ ಹತ್ತಿರ ಉತ್ತರ ಇರ್ಲಿಲ್ಲ. ಕಡ್ಡಾಯವಾಗಿ ಸೇರಿಸೋ 18 ಪರ್ಸೆಂಟನ್ನ ಇಲ್ಲಿನ ತೆರಿಗೆ ಇಲಾಖೆಯೂ 2014ರಿಂದ ಟಿಪ್ ಅಂತ ಲೆಕ್ಕಕ್ಕೆ ಹಿಡಿಯಲ್ಲ, ಸರ್ವಿಸ್ ಚಾರ್ಜ್ ಅಂತ ಹಿಡಿಯುತ್ತೆ, ಹುಡುಗನ ಕೈಗೆ ಬಂದಾಗ ಅದು ಸಂಬಳದ ಸಾಲಿಗೇ ಸೇರುತ್ತೆ. ಅಪ್ಪ ಹೇಳಿದ್ದು ಒಂದು ಅರ್ಥದಲ್ಲಿ ಸರಿಯೇ.

ಅವರು ಹುಡುಗನ ಮೇಲೆ ಕೋಪ ಮಾಡ್ಕೊಂಡಿರ್ಲಿಲ್ಲ, ಅದು ನನಗೆ ಸ್ವಲ್ಪ ಉರೀತು. "ಅವನಿಗೆ ಒಂಬತ್ತು ಟೇಬಲ್ ಇತ್ತು, ನಾನು ಎಣಿಸ್ದೆ. ಒಳಗೆ ಹೋದ್ರೆ ಅಡುಗೆಯೋರು ಬೈತಾರೆ. ರಶ್ಶಲ್ಲಿ ಸಪ್ಲೈಯರ್ ಮುಖ ಕಂಡ್ರೆ ಭಟ್ಟರಿಗೆ ಆಗಲ್ಲ" ಅಂದ್ರು. ಆಮೇಲೆ ತಿಪಟೂರಿನ ಒಬ್ಬ ಮಾರ್ವಾಡಿ ಸೇಠು ನೆನಪಾದ್ರು. ತಿಪಟೂರು ಅಂದ್ರೆ ಕೊಬ್ಬರಿ ಮಾರುಕಟ್ಟೆ, ಹರಾಜಿನ ದಿನ ಹೊರಗಿನ ವ್ಯಾಪಾರಿಗಳೆಲ್ಲ ಬಂದು ಹೋಟೆಲ್ ಗಿಜಿಗಿಜಿ. ಸೇಠು ಜೈನರು, ಈರುಳ್ಳಿ ಬೆಳ್ಳುಳ್ಳಿ ಮುಟ್ಟಲ್ಲ. ಬಂದಾಗಲೆಲ್ಲ ಈವತ್ತಿನ ಪಲ್ಯಕ್ಕೆ ಏನು ಹಾಕಿದೀರಿ ಅಂತ ಕೇಳೋರಂತೆ. ಅಪ್ಪನಿಗೆ ಉತ್ತರ ಗೊತ್ತಿದ್ರೂ ಒಳಗೆ ಹೋಗಿ ಕೇಳ್ಕೊಂಡೇ ಬರ್ತಿದ್ರಂತೆ.

"ಗೊತ್ತಿದ್ರೂ ಯಾಕಪ್ಪಾ?"

"ನಾನು ಒಳಗೆ ಹೋಗಿ ಬಂದಿದ್ದನ್ನ ಅವರು ನೋಡ್ಬೇಕಲ್ಲಮ್ಮ. ಆಮೇಲೆ ನೆಮ್ಮದಿಯಾಗಿ ತಿಂತಾರೆ. ಅಲ್ಲದೆ ಒಂದೊಂದು ದಿನ ಭಟ್ಟರು ಏನು ಮಾಡಿರ್ತಾರೆ ಅಂತ ದೇವರಿಗೇ ಗೊತ್ತು."

ನಾನು ಹೋಟೆಲಿನವರ ವೆಬ್‌ಸೈಟಲ್ಲಿ ಉದ್ದದ ದೂರು ಬರೆದೆ. ಕೇಳಿದ ಪ್ರಶ್ನೆ, ಸಿಕ್ಕ ಉತ್ತರ, 2 ಡಾಲರ್ 61 ಸೆಂಟು, ಎಲ್ಲ. ತಕ್ಷಣ ಒಂದು ಯಾಂತ್ರಿಕ ಉತ್ತರ ಬಂತು: ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ. ಕೆಲವು ದಿನ ಬಿಟ್ಟು ಇನ್ನೊಂದು ಬಂತು, ಈ ಸಲ ಕೂಪನ್ನಿನ ಜೊತೆ. ಎರಡು ಊಟ ಕೊಂಡ್ರೆ ಒಂದು ಕೇಸೋ ಉಚಿತ. ಕೇಸೋ ಅಂದ್ರೆ ಚಿಪ್ಸ್ ಅದ್ದಿ ತಿನ್ನೋ ಕರಗಿದ ಚೀಸು, ಸಸ್ಯಾಹಾರಿಗಳಿಗೆ ಹೇಳಿ ಮಾಡಿಸಿದ್ದು. ಕೂಪನ್ನಿನ ಚಿತ್ರದಲ್ಲಿ ಅದರ ಮಧ್ಯೆ ಒಂದು ಗುಡ್ಡೆ ಕೀಮಾ ಇತ್ತು. ನಾನು ಬರೆದದ್ದನ್ನ ಅಲ್ಲೂ ಯಾರೂ ಒಳಗೆ ತಗೊಂಡು ಹೋಗಿರ್ಲಿಲ್ಲ ಅಂತ ಕಾಣುತ್ತೆ.

ಮಗಳಿಗೆ ಇದು ಪ್ರತಿಷ್ಠೆಯ ಪ್ರಶ್ನೆ ಆಗಿಬಿಟ್ಟಿದೆ. ಅಜ್ಜಿ ಊರಿಗೆ ಹೋಗೋದ್ರೊಳಗೆ ಸರಿಯಾದ ಮೆಕ್ಸಿಕನ್ ಊಟ ಹಾಕಿಸ್ಬೇಕಂತೆ. ಒಂದೊಂದೇ ಸಣ್ಣ ಅಂಗಡಿಗೆ ಸ್ಪೀಕರಿನಲ್ಲಿ ಫೋನ್ ಮಾಡ್ತಾಳೆ, ನಾವೆಲ್ಲ ಸುತ್ತ ಕೂತು ಕೇಳ್ತೀವಿ. ಅವಳ ಪ್ರಶ್ನೆಗಳು ಈಗ ನನ್ನವಕ್ಕಿಂತ ಹರಿತ. ಬೀನ್ಸಿಗೆ ಮಂತೇಕಾನಾ ಎಣ್ಣೇನಾ? ಅನ್ನಕ್ಕೆ ಕಾಲ್ದೊ ದೆ ಪೋಯೊ, ಅಂದ್ರೆ ಕೋಳಿ ಸಾರು, ಹಾಕ್ತೀರಾ? ಚಾರೊ ಬೀನ್ಸ್ ಅಂದ್ರೆ ಕೇಳೋದೇ ಬೇಡ, ಅದರಲ್ಲಿ ಬೇಕನ್, ಅಂದ್ರೆ ಹಂದಿ ಮಾಂಸ, ಸಾಮಾನ್ಯವಾಗಿ ಇದ್ದೇ ಇರುತ್ತೆ. ಮೈದಾ ಟೋರ್ಟಿಯಾ ಅಂದ್ರೆ ಲಾರ್ಡಾ ಅಂತ ಕೇಳ್ಬೇಕು, ಜೋಳದ್ದಕ್ಕೆ ಸಾಮಾನ್ಯವಾಗಿ ಕೊಬ್ಬು ಬೀಳಲ್ಲ. ತಮಾಲೆ ಅಂದ್ರೆ ಅವರ ಜೋಳದ ಕಡುಬು, ಅದರ ಹಿಟ್ಟಿಗೆ ಹೆಚ್ಚಿನ ಕಡೆ ಲಾರ್ಡೇ. ಕೊನೇ ಪ್ರಶ್ನೆ, ಚಿಪ್ಸ್ ಕರಿಯೋ ಎಣ್ಣೇಲಿ ಬೇರೆ ಏನು ಕರೀತೀರಿ? (ಆ ಶನಿವಾರ ಅಮ್ಮ ಚಿಪ್ಸ್ ಮಾತ್ರ ಹೊಟ್ಟೆ ತುಂಬ ತಿಂದಿದ್ರು. ಈ ಕೊನೇ ಪ್ರಶ್ನೆ ನಮಗೆ ಹೊಳೆದಿದ್ದು ಆಮೇಲೆ. ಅಮ್ಮನಿಗೆ ಇದನ್ನ ಓದಿ ಹೇಳೋವಾಗ ಈ ಎರಡು ಸಾಲು ನುಂಗ್ಕೋತೀನಿ.)

ಹೆಚ್ಚಿನವರು ಎಲ್ಲಾ ವೆಜಿಟೇರಿಯನ್, ಬನ್ನಿ ಬನ್ನಿ ಅಂತಾರೆ. ಮಗಳು ಥ್ಯಾಂಕ್ಸ್ ಹೇಳಿ ಇಟ್ಬಿಡ್ತಾಳೆ. ಮೊನ್ನೆ ಒಂದು ಕಡೆ ಫೋನೆತ್ತಿದ ಹೆಂಗಸು ಪೂರ್ತಿ ಕೇಳಿಸ್ಕೊಂಡು, ಇಲ್ಲ ತಾಯಿ, ಬೀನ್ಸಿಗೆ ಲಾರ್ಡ್, ಅನ್ನಕ್ಕೆ ಕೋಳಿ ಸಾರು, ಚಿಪ್ಸೂ ಕೋಳಿ ಕರಿದ ಎಣ್ಣೇಲೇ, ನಿಮ್ಮಜ್ಜಿಗೆ ಇಲ್ಲಿ ಏನೂ ಇಲ್ಲ ಅಂದ್ರು. ನಾವು ಮುಖ ಮುಖ ನೋಡ್ಕೊಂಡ್ವಿ. ಆಮೇಲೆ ಆಕೆಯೇ ಒಂದ್ನಿಮಿಷ ಇರಿ ಅಂದು ಫೋನ್ ಕೆಳಗಿಟ್ರು. ಪಾತ್ರೆ ಸದ್ದು, ಯಾರೋ ಗಂಡಸಿನ ದನಿ, ಏನೋ ಚೌಕಾಸಿ. ವಾಪಸ್ ಬಂದು ಹೇಳಿದ್ರು: ಜೋಳದ ಟೋರ್ಟಿಯಾ ಕೈಲೇ ತಟ್ಟೋದು, ಅದಕ್ಕೇನೂ ಹಾಕಲ್ಲ. ಗ್ವಾಕಮೋಲೆ, ಅಂದ್ರೆ ಬೆಣ್ಣೆಹಣ್ಣಿನ ಚಟ್ನಿ, ಇದೆ. ಬೇರೆ ಬಾಣಲೀಲಿ ಅಣಬೆ, ಸೀಮೆಬದನೆ, ಮೆಣಸಿನಕಾಯಿ ಎಣ್ಣೇಲಿ ಹುರಿದು ಕೊಡ್ತೀವಿ. ಆದ್ರೆ ಸಂಜೆ ಬರಬೇಡಿ, ಬಾಣಲಿ ಖಾಲಿ ಇರಲ್ಲ. ವಾರದ ದಿನ ಮಧ್ಯಾಹ್ನ ಮೂರಕ್ಕೆ ಬನ್ನಿ.

ಮಗಳು ಕ್ಯಾಲೆಂಡರಲ್ಲಿ ಮಂಗಳವಾರ ಮೂರು ಗಂಟೆ ಅಂತ ಹಾಕಿದ್ಲು. ಅಪ್ಪ ಒಪ್ಪಲಿಲ್ಲ. "ಮೂರು ಗಂಟೆ ಹೋಟೆಲಿನೋರು ತಾವು ಊಟಕ್ಕೆ ಕೂರೋ ಹೊತ್ತು. ಪಾಪ ಆಯಮ್ಮ ಬಾಯಿಬಿಟ್ಟು ಹೇಳಿಲ್ಲ ಅಷ್ಟೇ. ಎರಡೂಕಾಲಿಗೆಲ್ಲ ಹೋಗಿ, ಮೂರರೊಳಗೆ ಎದ್ಬಿಡೋಣ" ಅಂದ್ರು.